ಕೆಂಪು ಬೊಟ್ಟಿನ ಲೋಟ ಮತ್ತು ನಲವತ್ತೆರಡು ಕಿಲೋಮೀಟರ್

ನಾನು ಓಡಿದ ಮೊದಲ ಮ್ಯಾರಥಾನಿನಲ್ಲಿ ನನಗೆ ಬಂದದ್ದು ಕೊನೆಯ ಸ್ಥಾನ. ಕೊನೆಯವರಲ್ಲಿ ಒಬ್ಬ ಅಂತಲ್ಲ, ಕಟ್ಟಕಡೆಯವನು. ನಾನು ಗುರಿ ಮುಟ್ಟುವ ಹೊತ್ತಿಗೆ ಶಾಮಿಯಾನದವರು ಗೂಟ ಕೀಳುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದವನೊಬ್ಬ ನನ್ನನ್ನು ನೋಡಿ, "ಯಾರನ್ನ ಹುಡುಕ್ತಾ ಇದೀರಾ ಸಾರ್? ಎಲ್ಲಾ ಹೊರಟೋದ್ರಲ್ಲ" ಅಂದ. "ನನ್ನನ್ನೇ ಕಣಪ್ಪ" ಅನ್ನೋಣ ಅಂದುಕೊಂಡೆ. ಅಷ್ಟು ಉಸಿರಿರಲಿಲ್ಲ.

ಈ ಕೊನೆಯ ಸ್ಥಾನದ ಬಗ್ಗೆ ನನಗಿರುವ ಹೆಮ್ಮೆ, ನಮ್ಮ ಮನೆಯವರ ಪ್ರಕಾರ, ಮೊದಲನೇ ಸ್ಥಾನ ಬಂದವನಿಗೂ ಇರಲಿಕ್ಕಿಲ್ಲ. ಇರಲಿ. ಅದು ಸುಮ್ಮನೆ ಸಿಕ್ಕಿದ್ದಲ್ಲ, ನಾನು ಸಂಪಾದಿಸಿದ್ದು. ಹೇಗೆ ಅನ್ನುವುದನ್ನು ಹೇಳಬೇಕಾದರೆ ಓಟದಿಂದಲ್ಲ, ಕೆಮ್ಮಿನಿಂದ ಶುರು ಮಾಡಬೇಕು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದವನು. ಲೇತಿನಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದರೆ ಮುಂದಕ್ಕೆ ಕಳಿಸುವುದು, ಕೆಟ್ಟಿದ್ದರೆ ಅದಕ್ಕೊಂದು ಕೆಂಪು ಬಣ್ಣದ ಬೊಟ್ಟಿಟ್ಟು ಪಕ್ಕಕ್ಕಿಡುವುದು ನನ್ನ ಕೆಲಸ. ಕೆಂಪು ಬೊಟ್ಟು ಬಿದ್ದ ಮಾಲು ಯಾವ ಕಾರಣಕ್ಕೂ ಒಳ್ಳೆ ಮಾಲಿನ ಜೊತೆ ಸೇರಬಾರದು. ನಮ್ಮ ವಿಭಾಗದ ವೇದ, ಶಾಸ್ತ್ರ ಎಲ್ಲಾ ಇಷ್ಟೇ.

ಕೆಟ್ಟದ್ದನ್ನು ಹುಡುಕಿಯೇ ಸಂಬಳ ತೆಗೆದುಕೊಳ್ಳುವವನ ಸ್ವಭಾವ ಹೇಗಿರುತ್ತೆ? ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಛತ್ರಿ ಒಳಗೇ ಬಿಟ್ಟೆನೇನೋ ಅನ್ನುವ ಚಿಂತೆ. ನನ್ನ ಹೆಂಡತಿ ಜಯಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ: "ಇವರಿಗೆ ಒಂದಿನ ಚಿಂತೆ ಇಲ್ದಿದ್ರೆ, ಯಾಕಿಲ್ಲ ಅಂತ ಚಿಂತೆ ಹತ್ಕೊಳುತ್ತೆ."

ಇಂಥ ನಾನು ಕೆಮ್ಮಿನ ಬಗ್ಗೆ ಮಾತ್ರ ಚಿಂತೆ ಮಾಡಲಿಲ್ಲ. ನಿಜವಾಗಿ ಹೆದರಿದಾಗ ನಾನು ಚಿಂತೆ ಮಾಡುವುದಿಲ್ಲ ಅನ್ನುವುದು ನನಗೂ ಆಗಲೇ ಗೊತ್ತಾಗಿದ್ದು. ಕಾರ್ಖಾನೆಯ ಶಾಪಿನ ಧೂಳು ಅಂದೆ, ಗ್ರೈಂಡಿಂಗ್ ಎಣ್ಣೆಯ ಹೊಗೆ ಅಂದೆ, ನಾಗಸಂದ್ರದ ಚಳಿ ಅಂದೆ. ನಾವಿರುವ ನಾಗಸಂದ್ರ ನಮ್ಮ ತಾತ ಮುತ್ತಾತನ ಊರು. ಅದರ ಚಳಿ ನನಗೆ ಹೊಸದೇನಲ್ಲ. ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡೆ. ಆಮೇಲೆ ಅದರಾಚೆಗೆ ಇನ್ನೊಂದು. ಕಡೆಗೆ ಒಂದು ಬೆಳಿಗ್ಗೆ ಕರ್ಚೀಫಿನಲ್ಲಿ, ನಾನು ದಿನಾ ಕೈಯಲ್ಲಿ ಹಿಡಿಯುವ ಬಣ್ಣದ್ದೇ ಒಂದು ಬೊಟ್ಟು ಕಂಡಿತು.

ಎದೆ ರೋಗದ ಆಸ್ಪತ್ರೆಯ ಹೊರ ವರಾಂಡದಲ್ಲಿ ಉದ್ದನೆಯ ಕಲ್ಲುಬೆಂಚು. ಅಲ್ಲಿ ಕೂರುವುದಕ್ಕೇ ಒಂದು ಪದ್ಧತಿ ಇತ್ತು: ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಮುಖ ಆ ಕಡೆ ತಿರುಗಿಸಿ. ನಾನು ಕೆಮ್ಮು ತಡೆದು ತಡೆದು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದೆ. ಈ ಬೆಂಚಿನಲ್ಲಿ ನಾನೊಬ್ಬನೇ ಕಾಯಿಲೆ ಇಲ್ಲದವನು ಅಂತ ತೋರಿಸಿಕೊಳ್ಳುವ ಆಸೆ. ಪಕ್ಕದಲ್ಲಿ ದಾಸರಹಳ್ಳಿ ಕಡೆಯ ಒಬ್ಬ ಅಜ್ಜಿ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಅಂದಳು: "ಕೆಮ್ಮಪ್ಪ, ಕೆಮ್ಮು. ಇಲ್ಲಿ ಯಾರೂ ತಿರುಗಿ ನೋಡಾಕಿಲ್ಲ."

ಕೆಮ್ಮಿದೆ. ಅಷ್ಟು ನೆಮ್ಮದಿಯಾಗಿ ನಾನು ತಿಂಗಳುಗಳಿಂದ ಕೆಮ್ಮಿರಲಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಪೆಪ್ಪರ್‌ಮೆಂಟು ಕೊಟ್ಟಳು. ಆ ಕಾಯಿಲೆಯ ಕಾಲದಲ್ಲಿ ಸಿಕ್ಕ ಔಷಧಿಗಳಲ್ಲಿ ನಾನು ಮೊದಲು ಎಣಿಸುವುದು ಅದನ್ನು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಗಟ್ಟಿ ಧ್ವನಿಯ, ಕಡಿಮೆ ಮಾತಿನ ಹೆಂಗಸು. "ಟೀಬಿ. ಗುಣ ಆಗುತ್ತೆ. ಔಷಧಿ ಒಂದು ದಿನಾನೂ ತಪ್ಪಿಸಬಾರದು" ಅಂದರು. ಮೂರು ವಾಕ್ಯದಲ್ಲಿ ನಾನು ಕೇಳಿಸಿಕೊಂಡದ್ದು ಮೊದಲನೆಯದನ್ನು ಮಾತ್ರ.

ಮನೆಗೆ ಬಂದು ಹೇಳಿದಾಗ ಜಯಮ್ಮ ಅಳಲಿಲ್ಲ. ಒಲೆಯ ಮುಂದೆ ಕೂತು ಬಹಳ ಹೊತ್ತು ಸೌದೆಯನ್ನು ಒಳಗೆ ತಳ್ಳಿ, ಹೊರಗೆ ಎಳೆದು ಮಾಡಿದಳು. ಆಮೇಲೆ "ಮೊಟ್ಟೆ ತಿನ್ನಬಹುದಂತಾ?" ಅಂತ ಕೇಳಿದಳು. ಅವಳ ಅಣ್ಣ ಓಡಿ ಬಂದು, "ಮಗೂನ ಸ್ವಲ್ಪ ದಿನ ನಮ್ಮನೇಲಿ ಇಟ್ಕೊತೀವಿ ಕಣಮ್ಮ" ಅಂದಾಗಲೂ ಅಷ್ಟೇ. ಮಗಳು ಪದ್ಮ ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಜಯಮ್ಮ, "ಡಾಕ್ಟ್ರಮ್ಮ ಪರೀಕ್ಷೆ ಮಾಡವ್ರೆ, ಮಗೂಗೆ ಏನೂ ಇಲ್ಲ. ಕಾಫಿ ಕುಡಿದು ಹೋಗಣ್ಣ" ಅಂದಳು. ಅಣ್ಣ ಕಾಫಿ ಕುಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತಂತೆ.

ಅವನು ಕುಡಿಯದೆ ಬಿಟ್ಟುಹೋದ ಆ ಲೋಟವನ್ನು ನಾನು ನೋಡಿದೆ. ಮಾರನೇ ದಿನ ಕಾರ್ಖಾನೆಗೆ ರಜೆ ಬರೆಯಲು ಹೋದವನು ಸಣ್ಣ ಶಾಯಿ ಸೀಸೆಯಲ್ಲಿ ಕೆಂಪು ಬಣ್ಣ ತಂದೆ. ಒಂದು ತಟ್ಟೆ, ಒಂದು ಲೋಟ ಆರಿಸಿ, ಬೋರಲು ಹಾಕಿ, ತಳದಲ್ಲಿ ಒಂದೊಂದು ಬೊಟ್ಟಿಟ್ಟೆ.

"ಇದೇನ್ರೀ ಇದು?" ಅಂದಳು ಜಯಮ್ಮ.

"ಗುರುತು. ಪದ್ಮ ಅಪ್ಪಿತಪ್ಪಿ ಇದರಲ್ಲಿ ಕುಡಿದುಬಿಟ್ರೆ?"

"ಡಾಕ್ಟ್ರಮ್ಮ ಹೇಳಿದ್ರಾ?"

"ಡಾಕ್ಟ್ರುಗಳು ಎಲ್ಲಾನೂ ಹೇಳಲ್ಲ."

ಔಷಧಿ ವರ್ಷ ಮೀರಿ ನಡೆಯಿತು. ಮೊದಮೊದಲು ಇಂಜೆಕ್ಷನ್ನು, ಕೂರುವ ಜಾಗವೆಲ್ಲ ಗಡ್ಡೆ ಕಟ್ಟಿಕೊಂಡು ಒರಗಿಯೇ ಊಟ ಮಾಡುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಷೀನಿನ ಸೆಲ್ವರಾಜ್ ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು, ಯಾರು ಯಾರ ಜೊತೆ ಜಗಳವಾಡಿದರು ಅನ್ನುವುದನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದ. ಕಡೆಗೆ ಒಂದು ದಿನ ಡಾಕ್ಟರಮ್ಮ ಹೊಸ ಎಕ್ಸ್‌ರೇ ನೋಡಿ "ಗುಣ ಆಗಿದೆ" ಅಂದರು.

"ಪೂರ್ತೀನಾ ಮೇಡಂ?"

"ಪೂರ್ತಿ."

"ಪೂರ್ತಿ ಅಂದ್ರೆ... ಮನೇಲಿ ತಟ್ಟೆ, ಲೋಟ..."

"ಇದು ತಟ್ಟೆ ಲೋಟದಿಂದ ಬರೋ ಕಾಯಿಲೆನೇ ಅಲ್ಲ ಗಂಗಾಧರಪ್ಪ. ಅವತ್ತೂ ಅಲ್ಲ, ಇವತ್ತಂತೂ ಅಲ್ಲವೇ ಅಲ್ಲ. ನೆಕ್ಸ್ಟ್!"

ಶ್ವಾಸಕೋಶದ ವಿಷಯದಲ್ಲಿ ನಾನು ಅವರನ್ನು ನಂಬಿದೆ. ಲೋಟದ ವಿಷಯದಲ್ಲಿ ನಂಬಲಿಲ್ಲ. ಕೆಂಪು ಬೊಟ್ಟು ಬಿದ್ದ ಮಾಲನ್ನು ಒಳ್ಳೆಯದರ ಜೊತೆ ಸೇರಿಸಬಾರದು ಅಂತ ಜೀವನವಿಡೀ ಹೇಳಿಕೊಂಡು ಬಂದವನಿಗೆ, ನೀನು ಈಗ ಒಳ್ಳೆ ಮಾಲು ಅಂದರೆ ಹೇಗೆ ನಾಟಬೇಕು? ಜಯಮ್ಮ ಬೂದಿ, ತೆಂಗಿನ ನಾರು ಹಾಕಿ ಬೊಟ್ಟನ್ನು ತಿಕ್ಕಿ ತಿಕ್ಕಿ ಸವೆಸುತ್ತಿದ್ದಳು. ನಾನು ಸೀಸೆ ತೆಗೆದು ಮತ್ತೆ ಇಡುತ್ತಿದ್ದೆ. ಇದರ ಬಗ್ಗೆ ನಮ್ಮಿಬ್ಬರಲ್ಲಿ ಮಾತಿಲ್ಲ. ಅವಳು ತಿಕ್ಕುವುದು, ನಾನು ಹಚ್ಚುವುದು. ವರ್ಷಗಟ್ಟಲೆ ನಡೆಯಿತು ಈ ಯುದ್ಧ. ಮುಂಚೆ ನನ್ನ ತಟ್ಟೆಯಿಂದ ಮುದ್ದೆಯ ತುತ್ತು ಕೇಳುತ್ತಿದ್ದ ಪದ್ಮ, ಕೇಳುವುದನ್ನೇ ಮರೆತು ದೊಡ್ಡವಳಾದಳು.

ಹೊರಗೆ ಎಲ್ಲಿ ನೀರು ಕುಡಿದರೂ ಎತ್ತಿಯೇ ಕುಡಿಯುತ್ತಿದ್ದೆ. ನಮ್ಮಲ್ಲಿ ಎಲ್ಲರೂ ಎತ್ತಿ ಕುಡಿಯುವವರೇ. ಆದರೆ ನನ್ನಷ್ಟು ಎತ್ತರಕ್ಕೆ ಯಾರೂ ಎತ್ತುತ್ತಿರಲಿಲ್ಲ. ಶಾಪಿನ ನೀರಿನ ಡ್ರಮ್ಮಿಗೆ ಯಾರೂ ಒಯ್ಯದಿರಲಿ ಅಂತ ಲೋಟವನ್ನು ಸರಪಳಿಯಲ್ಲಿ ಕಟ್ಟಿದ್ದರು. ಸರಪಳಿ ಗಿಡ್ಡ. ಎತ್ತಿ ಕುಡಿಯಲು ಆಗುವುದಿಲ್ಲ, ಬಗ್ಗಿ ಕಚ್ಚಿಯೇ ಕುಡಿಯಬೇಕು. ಆದ್ದರಿಂದ ಶಾಪಿನಲ್ಲಿ ನಾನು ನೀರು ಕುಡಿಯುವುದನ್ನೇ ಬಿಟ್ಟೆ.

ಓಟಕ್ಕೆ ನಾನು ಬಿದ್ದದ್ದು ಕಾರ್ಖಾನೆಯ ಸೈರನ್ನಿನಿಂದ. ಡಾಕ್ಟರಮ್ಮ ನಡೆಯಲು ಹೇಳಿದ್ದರು, ನಡೆಯುತ್ತಿದ್ದೆ. ಒಂದು ಬೆಳಿಗ್ಗೆ ನಾನಿನ್ನೂ ಗೇಟಿನಿಂದ ದೂರವಿದ್ದಾಗಲೇ ಸೈರನ್ ಕೂಗಿಬಿಟ್ಟಿತು. ಕಾಲುಗಳು ನನ್ನನ್ನು ಕೇಳಲಿಲ್ಲ. ಗೇಟು ದಾಟಿ, ಹಾಜರಿ ಕಾರ್ಡು ಪಂಚ್ ಮಾಡಿ, ಗೋಡೆಗೆ ಒರಗಿ, ಈಗ ಬರುತ್ತೆ ರಕ್ತ ಅಂತ ಕರ್ಚೀಫು ಹಿಡಿದು ಕಾದೆ. ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ಬೆವರು ಬಂತು, ಅಷ್ಟೇ. ಕಾದು ನಿರಾಶನಾದವನ ಹಾಗೆ ಒಳಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಒಂದು ವಿಷಯ ತಲೆಗೆ ಹತ್ತಿತು: ನಾನು ಓಡಿದ್ದೆ.

ಆಮೇಲೆ ದಿನಾ ಬೆಳಿಗ್ಗೆ ಓಡತೊಡಗಿದೆ. ಓಟ ಅನ್ನುವುದು ದೊಡ್ಡ ಮಾತು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರು ನನ್ನ ಪಕ್ಕಕ್ಕೆ ಬಂದು, ಕುಶಲ ಕೇಳಿ, ಬೀಡಿ ಹಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ನಮ್ಮ ಕಡೆ ಯಾರೂ ಆರೋಗ್ಯಕ್ಕಾಗಿ ಓಡುವವರಲ್ಲ. ಪೀಣ್ಯದಲ್ಲಿ ಒಬ್ಬ ಮಧ್ಯವಯಸ್ಸಿನವನು ಬೆಳಿಗ್ಗೆ ಓಡುತ್ತಿದ್ದಾನೆ ಅಂದರೆ ಅರ್ಥ ಒಂದೇ: ಶಿಫ್ಟಿಗೆ ತಡವಾಗಿದೆ. ಹಾಗಾಗಿ ಕಂಪನಿ ಬಸ್ಸುಗಳೆಲ್ಲ ನನಗಾಗಿ ನಿಲ್ಲುತ್ತಿದ್ದವು.

"ಹತ್ತಿ ಸಾರ್, ಬೇಗ ಹತ್ತಿ! ಪಂಚ್ ತಪ್ಪೋಗುತ್ತೆ!"

"ಇಲ್ಲಪ್ಪ, ನಾನು ಸುಮ್ನೆ..."

"ಸಂಕೋಚ ಯಾಕೆ ಸಾರ್? ಎಲ್ರಿಗೂ ಒಂದಿನ ಲೇಟಾಗುತ್ತೆ. ಹತ್ತಿ!"

ಬಸ್ಸಿನೊಳಗಿನ ಅಷ್ಟೂ ಜನ ಕನಿಕರದಿಂದ ನೋಡುತ್ತಿದ್ದರೆ ಬೇಡ ಅನ್ನುವ ಧೈರ್ಯ ನನಗೆಲ್ಲಿಂದ? ಹತ್ತುತ್ತಿದ್ದೆ. ಒಮ್ಮೆ ಚಡ್ಡಿ, ಬಿಳಿ ಕ್ಯಾನ್ವಾಸ್ ಶೂನಲ್ಲಿ ಯಾವುದೋ ಗೊತ್ತಿಲ್ಲದ ಕಾರ್ಖಾನೆಯ ಗೇಟಿನ ಮುಂದೆ ಇಳಿದು, ವಾಚ್‌ಮನ್ ಸಲಾಮು ಹೊಡೆದ ಮೇಲೆ, ಮರ್ಯಾದೆಗೆ ಒಳಗೆ ಹೋಗಿ ಹೊರಗೆ ಬಂದಿದ್ದೇನೆ.

ಹೀಗೆ ಬಸ್ಸಿನಲ್ಲಿ ಅರ್ಧ, ಕಾಲಿನಲ್ಲಿ ಅರ್ಧ ಅಂತ ಓಡುತ್ತಿದ್ದ ದಿನಗಳಲ್ಲೇ ಕ್ಯಾಂಟೀನಿನ ಬೋರ್ಡಿನಲ್ಲಿ ಒಂದು ನೋಟೀಸು ಬಿತ್ತು. ಸಿಟಿಯಲ್ಲಿ ಮ್ಯಾರಥಾನ್, ನಲವತ್ತೆರಡು ಕಿಲೋಮೀಟರ್, ಯಾರು ಬೇಕಾದರೂ ಸೇರಬಹುದು. ಅಭ್ಯಾಸಕ್ಕೆ ತಿಂಗಳುಗಳು ಇದ್ದವು. ಸೆಲ್ವರಾಜ್ ನನ್ನ ಬೆನ್ನಿಗೆ ಬಡಿದ.

"ಮಚ್ಚಾ, ಹೋಗು ನೀನು."

"ತಲೆ ಕೆಟ್ಟಿದೆಯೇನೋ? ನಲವತ್ತೆರಡು! ಇಲ್ಲಿಂದ ದಾಬಸ್‌ಪೇಟೆ ದಾಟುತ್ತೆ."

"ಬಸ್ಸು ನಿಲ್ಲಿಸ್ತಾರಲ್ಲ ನಿಂಗೆ, ಏನ್ ಭಯ?"

ನಕ್ಕೆ. ಆದರೆ ನೋಟೀಸಿನ ಮುಂದಿನಿಂದ ಕದಲಲಿಲ್ಲ. ಒಳಗೆ ಒಂದು ಆಸೆ ಹುಟ್ಟಿಬಿಟ್ಟಿತ್ತು, ಅದಕ್ಕೆ ನಾನೇ ಹೆದರಿದ್ದೆ. ಎದೆಯೊಳಗೆ ಕಲೆ ಉಳಿದವನು, ಬೊಟ್ಟಿನ ಲೋಟದವನು, ಸಾವಿರ ಜನರ ಮಧ್ಯೆ ನಿಂತು ನಾನೂ ಓಡ್ತೀನಿ ಅನ್ನಬಹುದೇ? ಅಂದಮೇಲೆ ದಾರಿಯಲ್ಲೆಲ್ಲೋ ಕುಸಿದುಬಿದ್ದರೆ? ಜನ "ನೋಡಿ, ಅವನಿಗೆ ಟೀಬಿ ಇತ್ತಲ್ಲ" ಅಂದರೆ? ಬೇಡ ಅನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಬೇರೆ ಯಾರಾದರೂ ಬೇಡ ಅಂದುಬಿಟ್ಟರೆ ಸಾಕಾಗಿತ್ತು. ಅಂಥವರನ್ನು ಹುಡುಕಿಕೊಂಡು ಹೊರಟೆ.

ಮೊದಲು ಡಾಕ್ಟರಮ್ಮ. ಅದೇ ಕಲ್ಲುಬೆಂಚು, ಈಗ ನಾನು ಕೆಮ್ಮದೆ ಕೂತಿದ್ದೆ, ಅದೂ ಒಂದು ಥರ ಸಂಕೋಚವೇ. ಪಕ್ಕದಲ್ಲಿ ಹೊಸಬನೊಬ್ಬ ಕರ್ಚೀಫು ಬಾಯಿಗೆ ಒತ್ತಿಕೊಂಡು ಕಣ್ಣು ಕೆಂಪು ಮಾಡಿಕೊಂಡಿದ್ದ. "ಕೆಮ್ಮಿ ಸ್ವಾಮಿ, ಇಲ್ಲಿ ಯಾರೂ ತಿರುಗಿ ನೋಡಲ್ಲ" ಅಂದೆ. ಅಜ್ಜಿಯ ಸಾಲ ಅಷ್ಟು ತೀರಿತು. ಪೆಪ್ಪರ್‌ಮೆಂಟು ಮಾತ್ರ ಇರಲಿಲ್ಲ.

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು, ಎದೆ ಬಡಿದು ನೋಡಿದರು, ಮೆಟ್ಟಿಲು ಹತ್ತಿಸಿ ಇಳಿಸಿ ಉಸಿರಿನ ಶಬ್ದ ಕೇಳಿದರು.

"ಓಡಬಹುದು. ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಮಾಡ್ಕೊಂಡು ಹೋಗಿ."

"ಮೇಡಂ, ಹಳೇ ಕಲೆ ಇದೆಯಲ್ಲ? ಜೋರಾಗಿ ಓಡಿದ್ರೆ..."

"ನೀವು ಜೋರಾಗಿ ಓಡ್ತೀರಾ?"

"ಇಲ್ಲ."

"ಮತ್ತೆ?"

ಮುಖ ಸಣ್ಣದು ಮಾಡಿಕೊಂಡು ಎದ್ದೆ. ಅವರು ನನ್ನನ್ನು ನೋಡಿ, ನನಗೆ ನೆನಪಿರುವ ಮಟ್ಟಿಗೆ ಮೊದಲ ಸಲ, ನಕ್ಕರು. "ಬೇಡ ಅನ್ನಿಸ್ಕೊಳೋಕೆ ಬಂದಿದ್ರಾ? ಅದನ್ನ ಕೊಡೋಕಾಗಲ್ಲ ನನಗೆ."

ಇನ್ನು ಉಳಿದವಳು ಜಯಮ್ಮ. ಅವಳ ಮೇಲೆ ನನಗೆ ಪೂರ್ತಿ ಭರವಸೆ ಇತ್ತು. ನಾನು ಚಡ್ಡಿ ಹಾಕಿಕೊಂಡು ಹೊರಡುವಾಗಲೆಲ್ಲ ಅವಳು ಬೀದಿಯ ಆಚೆ ಈಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಾಗಿಲು ತೆಗೆಯುತ್ತಿದ್ದವಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಎಲ್ಲವನ್ನೂ ಹೇಳಿದೆ, ಅಪಾಯಗಳನ್ನು ಕೊಂಚ ಹೆಚ್ಚು ಮಾಡಿಯೇ ಹೇಳಿದೆ.

"ಓಡಿ" ಅಂದಳು.

"ಓಡಿ ಅಂದ್ರೆ? ನಲವತ್ತೆರಡು ಕಿಲೋಮೀಟರ್ ಕಣೇ!"

"ಕಾಲು ನಿಮ್ದು, ಉಸಿರು ನಿಮ್ದು. ಡಾಕ್ಟ್ರಮ್ಮ ಆಗ್ಲಿ ಅಂದಿದಾರೆ. ನಂಗೆ ಒಂದೇ ಯೋಚನೆ." ಒಂದು ಕಾಯಿ ಸುಲಿದು, ಹುಳ ನೋಡಿ, ಬಿಸಾಡಿದಳು. "ಅಷ್ಟು ದೂರ ನೀರು ಕುಡೀದೆ ಓಡೋಕಾಗಲ್ಲ. ಅಲ್ಲಿ ನಿಮ್ಮ ಕೆಂಪು ಬೊಟ್ಟಿನ ಲೋಟ ಹಿಡ್ಕೊಂಡು ಯಾರ್ರೀ ನಿಂತಿರ್ತಾರೆ?"

ವರ್ಷಗಳ ಆ ಯುದ್ಧದಲ್ಲಿ ಅವಳು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ನನ್ನ ಚಿಂತೆಗಳ ದೊಡ್ಡ ಮೂಟೆಯಲ್ಲಿ ಎದೆ ಇತ್ತು, ಕಾಲಿತ್ತು, ಜನರ ಮಾತಿತ್ತು. ಇದೊಂದು ಇರಲಿಲ್ಲ. ಅಥವಾ ಇದ್ದದ್ದು ಇದೊಂದೇ, ಮಿಕ್ಕದ್ದೆಲ್ಲ ಮೇಲೆ ಮುಚ್ಚಿದ ಗೋಣಿ. ಓಟಕ್ಕೆ ಹೋದರೆ ಎಲ್ಲರ ಲೋಟದಲ್ಲಿ ಕುಡಿಯಬೇಕು. ನಾನು ಬಾಯಿಟ್ಟ ಲೋಟವನ್ನು ನನ್ನ ಹಿಂದಿನವನು ಎತ್ತಿಕೊಳ್ಳುತ್ತಾನೆ.

ಇನ್‌ಸ್ಪೆಕ್ಷನ್ ವಿಭಾಗದವನು ಸುಮ್ಮನೆ ಸೋಲುತ್ತಾನೆಯೇ? ನನ್ನ ಬೊಟ್ಟಿನ ಲೋಟದ ಕಂಠಕ್ಕೆ ತಂತಿ ಸುತ್ತಿ, ಕೊಕ್ಕೆ ಮಾಡಿ, ಬೆಲ್ಟಿಗೆ ನೇತುಹಾಕಿಕೊಂಡು ಹೊರಟೆ. ಹೆಜ್ಜೆಗೊಮ್ಮೆ ಟಣ್ ಟಣ್. ಕೆರೆ ಏರಿಯ ಹತ್ತಿರ ಬರುವಷ್ಟರಲ್ಲಿ ಊರಿನ ನಾಯಿಗಳೆಲ್ಲ ಹಿಂದೆ. ಎದುರಿಗೆ ಬಂದ ಮುದುಕರೊಬ್ಬರು ಎಮ್ಮೆಯನ್ನು ಪಕ್ಕಕ್ಕೆ ಎಳೆದುಕೊಂಡು, "ಯಾವ ಹರಕೆನಪ್ಪಾ?" ಅಂತ ಭಕ್ತಿಯಿಂದ ಕೇಳಿದರು. ಮನೆಗೆ ಬಂದಾಗ ಸೊಂಟದ ಎಲುಬಿನ ಮೇಲೆ ಅಂಗೈ ಅಗಲ ನೀಲಿಗಟ್ಟಿತ್ತು. ಜಯಮ್ಮ ನನ್ನ ಮುಂದೆ ನಗಲಿಲ್ಲ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಶಬ್ದ ಬಂತು.

ಮುಂದಿನ ಭಾನುವಾರ ಕೊನೆಯ ಪರೀಕ್ಷೆ ಅಂತ ನಿಶ್ಚಯಿಸಿದೆ. ಮಾದನಾಯಕನಹಳ್ಳಿಯವರೆಗೆ ಓಡಿ ವಾಪಸ್ಸು. ಲೋಟ ಇಲ್ಲ, ಬಸ್ಸು ಇಲ್ಲ; ಭಾನುವಾರ ಕಂಪನಿ ಬಸ್ಸುಗಳಿಗೂ ರಜೆ. ಎತ್ತಿ ಕುಡಿದು ನಿಭಾಯಿಸಲು ಆದರೆ ಅಭ್ಯಾಸಕ್ಕೆ ಇಳಿಯುವುದು, ಇಲ್ಲದಿದ್ದರೆ ನೋಟೀಸನ್ನು ಮರೆಯುವುದು.

ಹೋಗುವಾಗ ಚೆನ್ನಾಗಿತ್ತು. ಹಿಂದಕ್ಕೆ ತಿರುಗಿದ ಮೇಲೆ ಬಿಸಿಲು ಏರಿತು. ಲಾರಿಗಳ ಧೂಳು ಗಂಟಲಿಗೆ ಅಂಟಿಕೊಂಡಿತು. ಶೆಡ್ಡುಗಳು ಏಳುವ ಮುಂಚೆ ಅಲ್ಲಿ ಯಾರ ಯಾರ ಹೊಲ ಇತ್ತು ಅಂತ ನೆನೆಸಿಕೊಂಡು ಓಡುವುದು ನನ್ನ ರೂಢಿ. ಇದು ಮರಿಯಪ್ಪನ ಹುರುಳಿ ಹೊಲ, ಇದು ನಮ್ಮ ದೊಡ್ಡಪ್ಪನ ರಾಗಿ ಹೊಲ, ಅಲ್ಲಿ ಬೇವಿನಮರ ಇತ್ತು. ಆವತ್ತು ಹೊಲಗಳು ಮುಗಿಯಲೇ ಇಲ್ಲ. ನಾಲಿಗೆ ಬಾಯಲ್ಲಿ ಚರ್ಮದ ತುಂಡಿನ ಹಾಗೆ ಆಗಿತ್ತು.

ನಾಗಸಂದ್ರದ ತಿರುವಿನಲ್ಲಿ, ಬಸ್ ಸ್ಟಾಪಿನ ಕಲ್ಲಿನ ಮೇಲೆ ಜಯಮ್ಮ ಕೂತಿದ್ದಳು. ಪಕ್ಕದಲ್ಲಿ ನೀರಿನ ಚೊಂಬು. ಬೀದಿಯ ಆಚೆ ಈಚೆ ನೋಡುತ್ತಿರಲಿಲ್ಲ. ನಾನು ಬರುವ ದಾರಿಯನ್ನೇ ನೋಡುತ್ತಿದ್ದಳು.

ಚೊಂಬು ಕಸಿದುಕೊಂಡೆ. ತಲೆ ಹಿಂದಕ್ಕೆ ಹಾಕಿ, ಎತ್ತರಕ್ಕೆ ಎತ್ತಿ, ಸುರಿದುಕೊಂಡೆ. ಏದುಸಿರು ಬಿಡುವವನು ಎತ್ತಿ ಕುಡಿಯಬಾರದು ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನೀರು ಅನ್ನನಾಳ ಬಿಟ್ಟು ಮಿಕ್ಕ ಎಲ್ಲಾ ದಾರಿ ಹಿಡಿಯಿತು. ಮೂಗಿನಲ್ಲಿ ಬಂತು, ಕಣ್ಣಲ್ಲಿ ಬಂತು. ಕೆಮ್ಮು ಹತ್ತಿಕೊಂಡಿತು. ಆ ಹಳೆಯ ಕೆಮ್ಮಿನ ಹಾಗೇ ಮಂಡಿ ಹಿಡಿದು ಬಗ್ಗಿ ನಿಂತೆ. ಬಸ್ಸಿಗೆ ಕಾಯುತ್ತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಮುಗಿಯಿತು ಅಂದುಕೊಂಡೆ. ಇನ್ನು ಮ್ಯಾರಥಾನೂ ಬೇಡ, ಚಡ್ಡಿಯೂ ಬೇಡ.

ಇನ್ನೊಂದು ಸಲ ಎತ್ತಲು ಹೋದೆ. ಜಯಮ್ಮ ನನ್ನ ಮಣಿಕಟ್ಟು ಹಿಡಿದು ಕೆಳಕ್ಕೆ ಎಳೆದಳು.

"ಕಚ್ಚಿ ಕುಡೀರಿ."

"ಬೇಡ ಕಣೇ, ಇದು ಮನೆ ಚೊಂಬು..."

"ಮನೆ ಚೊಂಬು ಅಂತ ನಂಗೂ ಗೊತ್ತು. ತಂದಿದ್ದು ನಾನೇ. ಕಚ್ಚಿ ಕುಡೀರಿ ಅಂದೆ."

ತುಟಿ ಇಟ್ಟೆ. ತಾಮ್ರ ತಣ್ಣಗಿತ್ತು. ಗುಟುಕು ಗುಟುಕಾಗಿ ನೀರು ಸರಿಯಾದ ದಾರಿಯಲ್ಲೇ ಇಳಿಯಿತು. ಮೊದಲ ಗುಟುಕಿನಲ್ಲಿ ಪಾಪ ಮಾಡಿದ ಹಾಗೆ ಅನ್ನಿಸಿತು. ನಾಲ್ಕನೆಯದರ ಹೊತ್ತಿಗೆ ನೀರು ಅಂದರೆ ಇಷ್ಟು ರುಚಿ ಅಂತ ಮರೆತೇ ಹೋಗಿತ್ತಲ್ಲ ಅನ್ನಿಸಿತು. ಚೊಂಬು ವಾಪಸ್ಸು ಕೊಡುವಾಗ ತಳದಲ್ಲಿ ಸ್ವಲ್ಪ ಉಳಿದಿತ್ತು. "ಚೆಲ್ಲಿಬಿಡು, ತೊಳೆದು..." ಅಂತ ಶುರು ಮಾಡಿದೆ.

ಜಯಮ್ಮ ಚೊಂಬನ್ನು ತಿರುಗಿಸಲೂ ಇಲ್ಲ. ನಾನು ತುಟಿ ಇಟ್ಟ ಜಾಗಕ್ಕೇ ತುಟಿ ಇಟ್ಟು, ಬಸ್ ಸ್ಟಾಪಿನ ಅಷ್ಟೂ ಜನರ ಎದುರಿಗೆ, ಉಳಿದ ನೀರನ್ನು ಕಚ್ಚಿ ಕುಡಿದಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಈಗ ಹೇಳಿ. ಓಡ್ತೀರೋ ಇಲ್ವೋ?"

ನಮ್ಮಲ್ಲಿ ಗಂಡ ಹೆಂಡತಿ ಬೀದಿಯಲ್ಲಿ ಪಕ್ಕಪಕ್ಕ ನಡೆಯುವುದೂ ಅಪರೂಪ. ಎಲ್ಲರೂ ನೋಡುತ್ತಿದ್ದರು.

"ಓಡ್ತೀನಿ" ಅಂದೆ.

"ಹಂಗಾದ್ರೆ ಮನೇವರ್ಗೂ ಓಡಿ. ಸಾರು ಆರೋಗುತ್ತೆ."

ಮಾರನೇ ದಿನ ಹೆಸರು ಕೊಟ್ಟೆ. ಶಾಯಿ ಸೀಸೆಯನ್ನು ಬಿಸಾಡಲಿಲ್ಲ. ಅಷ್ಟೆಲ್ಲ ನಾಟಕ ನನಗೆ ಬರುವುದಿಲ್ಲ. ಸುಮ್ಮನೆ ಹಚ್ಚುವುದನ್ನು ನಿಲ್ಲಿಸಿದೆ. ಅವಳು ತಿಕ್ಕುತ್ತಲೇ ಇದ್ದಳು. ಒಂದು ದಿನ ತಟ್ಟೆಗಳ ಸಾಲಿನ ಮುಂದೆ ನಿಂತು ಒಂದೊಂದನ್ನೇ ಬೋರಲು ಮಾಡಿ ನೋಡಿದೆ, ನನ್ನದು ಯಾವುದು ಅಂತ ಹೇಳಲಾಗಲಿಲ್ಲ. ಆವತ್ತು ಊಟಕ್ಕೆ ಕೂತಾಗ ಪದ್ಮ, ಎಷ್ಟೋ ದೊಡ್ಡವಳಾದ ಪದ್ಮ, ಮಾತಾಡುತ್ತಾ ಮಾತಾಡುತ್ತಾ ನನ್ನ ತಟ್ಟೆಯಿಂದ ಹಪ್ಪಳದ ಚೂರು ಮುರಿದುಕೊಂಡಳು. ನಾನು ನೋಡಲಿಲ್ಲ ಅನ್ನುವ ಹಾಗೆ ಸಾರು ಕಲಸಿದೆ.

ಅಭ್ಯಾಸದ ತಿಂಗಳುಗಳ ಕಥೆ ಹೇಳುವಂಥದ್ದಲ್ಲ. ನಿಧಾನವಾಗಿ ಓಡುವವನು ದೂರ ಓಡಬೇಕಾದರೆ ಬಹಳ ಹೊತ್ತು ಓಡಬೇಕಾಗುತ್ತದೆ, ಅಷ್ಟೇ. ಬಸ್ಸಿನ ಡ್ರೈವರುಗಳಿಗೆ ವಿಷಯ ಗೊತ್ತಾಗಿ, ನಿಲ್ಲಿಸುವ ಬದಲು ಹಾರ್ನ್ ಹೊಡೆದು, "ಇನ್ನೂ ಇಲ್ಲೇ ಇದೀರಾ ಸಾರ್?" ಅಂತ ಕೂಗಿ ಹೋಗುತ್ತಿದ್ದರು. ಶಾಪಿನಲ್ಲಿ ಮೊದಲ ಸಲ ಡ್ರಮ್ಮಿನ ಮುಂದೆ ಬಗ್ಗಿ, ಸರಪಳಿಯ ಲೋಟ ಕಚ್ಚಿ ಕುಡಿದಾಗ ಸೆಲ್ವರಾಜ್ ಮಷೀನ್ ನಿಲ್ಲಿಸಿ ನೋಡಿದ. ಬಂದು, ನನ್ನ ಕೈಯಿಂದ ಲೋಟ ತೆಗೆದುಕೊಂಡು, ಅವನೂ ಕುಡಿದ.

ಇನ್ನು ಆ ಕೊನೆಯ ಸ್ಥಾನ.

ಓಟದ ದಿನ ಶುರುವಿನಿಂದಲೇ ನಾನು ಕೊನೆಯವನಾಗಿರಲಿಲ್ಲ. ದಾರಿಯ ಬಹುಭಾಗ ನನ್ನ ಹಿಂದೆ ಒಬ್ಬರಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ತಲೆಗೆ ಬಿಗಿದುಕೊಂಡಿದ್ದ ಸಣಕಲು ಮನುಷ್ಯರು. ಹೆಸರು ಗೊತ್ತಿಲ್ಲ, ಉಸಿರಿನ ಶಬ್ದ ಮಾತ್ರ ಪರಿಚಯ. ನಾವು ಎಷ್ಟು ನಿಧಾನ ಅಂದರೆ, ನೀರಿನ ಮೇಜುಗಳನ್ನು ಎತ್ತಿಟ್ಟಾಗಿತ್ತು. ಗುರಿ ಇನ್ನೇನು ಹತ್ತಿರ ಅನ್ನುವಾಗ ಒಂದು ಅಂಗಡಿಯ ಮುಂದೆ ಯಾರೋ ಪುಣ್ಯಾತ್ಮರು ಇಟ್ಟ ಅರವಟಿಗೆ ಕಂಡಿತು. ಮಣ್ಣಿನ ಗುಡಾಣ, ಅದಕ್ಕೆ ಸರಪಳಿ ಕಟ್ಟಿದ ಲೋಟ. ಸರಪಳಿ ಗಿಡ್ಡ. ಬಗ್ಗಿ, ಕಚ್ಚಿ, ಹೊಟ್ಟೆ ತುಂಬ ಕುಡಿದೆ. ಲೋಟ ಬಿಟ್ಟು ಹೊರಡುವಷ್ಟರಲ್ಲಿ ಅವರೂ ಬಂದರು.

ಹೊರಡಬೇಕಾಗಿತ್ತು. ಕಾಲು ಏಳಲಿಲ್ಲ. ತೊಳೆಯಿರಿ ಅನ್ನಲೇ? ನಾಲಿಗೆ ತುದಿಯವರೆಗೆ ಬಂತು ಹಳೆಯ ಮಾತು. ಅವರು ತೊಳೆಯಲಿಲ್ಲ. ನನ್ನ ಬಾಯಿಯ ತೇವ ಆರದ ಲೋಟವನ್ನು ಹಾಗೇ ಮುಳುಗಿಸಿ, ಬಗ್ಗಿ, ಕಚ್ಚಿ ಕುಡಿದರು. ಮತ್ತೊಂದು ಲೋಟ ತುಂಬಿ ಅದನ್ನೂ ಕುಡಿದರು. ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತಾ ನಿಂತೆ.

"ಅಬ್ಬಾ, ಬದುಕ್ದೆ ಸಾರ್! ಬನ್ನಿ, ಹೋಗೋಣ."

"ನಡೀರಿ, ಬಂದೆ" ಅಂದೆ.

ಅವರು ಮುಂದೆ ಹೋದರು. ಸರಪಳಿಯ ತುದಿಯಲ್ಲಿ ಲೋಟ ಇನ್ನೂ ತೂಗಾಡುತ್ತಿತ್ತು. ಅದು ನಿಲ್ಲುವವರೆಗೆ ನೋಡಿ, ಆಮೇಲೆ ಅವರ ಹಿಂದೆ, ಎಲ್ಲರ ಹಿಂದೆ, ನನ್ನ ಪಾಡಿಗೆ ಓಡಿದೆ.